ಯಾರಿಗೆ ಯಾವ ಪುಸ್ತಕ?

‘ಓದೋಕೆ ಒಂದು ಒಳ್ಳೆ ಪುಸ್ತಕ ಹೇಳಿ’ ಎಂದು ಕೇಳಿದರೆ ನಮ್ಮ ಬೀದಿಯ ಓದುಗರು ತಕ್ಷಣ ಹೆಸರು ಹೇಳುವುದಿಲ್ಲ. ‘ಓದೋದು ಯಾರು? ಈಚೆಗೆ ಏನು ಓದಿದ್ರು? ದಿನಕ್ಕೆ ಎಷ್ಟು ಹೊತ್ತು ಬಿಡುವು?’ ಎಂದು ಮೊದಲು ವಿಚಾರಿಸುತ್ತಾರೆ. ನಾಡಿ ನೋಡಿದ ಮೇಲೆ ತಾನೇ ಮದ್ದು ಕೊಡುವುದು!

ಮೈಸೂರಿನ ನಮ್ಮ ಬೀದಿಯ ಹನ್ನೆರಡು ಮಂದಿ ತಿಂಗಳಿಗೆ ಎರಡು ಭಾನುವಾರ ಒಂದು ಮನೆಯ ತಾರಸಿಯಲ್ಲಿ ಸೇರುತ್ತೇವೆ. ಐದನೇ ತರಗತಿಯ ಹುಡುಗನೂ ಇದ್ದಾನೆ, ಎಂಬತ್ತರ ಅಜ್ಜಿಯೂ ಇದ್ದಾರೆ. ಪ್ರತಿಯೊಬ್ಬರೂ ತಾವು ಓದಿದ ಒಂದು ಪುಸ್ತಕದ ಬಗ್ಗೆ ಐದು ನಿಮಿಷ ಮಾತಾಡಬೇಕು. ಕಥೆಯ ಕೊನೆ ಹೇಳುವಂತಿಲ್ಲ. ಅದು ಯಾರಿಗೆ ಹಿಡಿಸೀತು ಎಂಬುದನ್ನು ಮಾತ್ರ ಹೇಳಲೇಬೇಕು.

ಈ ವಿಚಾರ ನಮ್ಮದಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರಗಳನ್ನು ಕೊಟ್ಟರು. ಪ್ರತಿ ಓದುಗನಿಗೂ ಅವನಿಗೆ ಒಪ್ಪುವ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುವು ಅವುಗಳಲ್ಲಿ ಎರಡು. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನಲ್ಲೇ ನೆಲೆಸಿದ್ದರು.

ಸೂತ್ರದ ಬೆಲೆ ನಮಗೆ ತಿಳಿದದ್ದು ಆ ಐದನೇ ತರಗತಿಯ ಹುಡುಗನಿಂದ. ಇಂಗ್ಲಿಷ್ ಮಾಧ್ಯಮದವನು. ಕನ್ನಡ ಮಾತು ಅರಳು ಹುರಿದ ಹಾಗೆ, ಓದಲು ಕೂತರೆ ಒತ್ತಕ್ಷರಕ್ಕೆಲ್ಲ ಎಡವುತ್ತಿದ್ದ. ‘ದೊಡ್ಡ ಲೇಖಕರದ್ದೇ ಓದಲಿ’ ಎಂಬುದು ಅವನ ಅಮ್ಮನ ಆಸೆ. ದಪ್ಪ ಕಾದಂಬರಿ ನೋಡಿದ ಕೂಡಲೇ ಅವನು ತಾರಸಿಯ ಮೆಟ್ಟಿಲಿಳಿಯುತ್ತಿದ್ದ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯ ಒಂದು ಸಂಪುಟ ತಂದು, ‘ದಿನಾ ಒಂದೇ ಕಣೋ, ಜಾಸ್ತಿ ಓದಬೇಡ’ ಎಂದಳು. ಬೇಡ ಅಂದದ್ದೇ ಸಾಕಾಯಿತು! ಎರಡು ತಿಂಗಳ ಮೇಲೆ ಅವನೇ ಎದ್ದು ನಿಂತು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಇಲಿಗಳ ಬಗ್ಗೆ ಐದು ನಿಮಿಷ ಮಾತಾಡಿದ. ಕಣ್ಣು ಮಂಜಾದ ಅಜ್ಜಿಗೆ ಈಗ ಸಂಜೆ ಹೊತ್ತು ಓದಿ ಹೇಳುವವನೂ ಅವನೇ. ಎಡವಿದರೆ ಅಜ್ಜಿ ತಿದ್ದುತ್ತಾರೆ.

ದೊಡ್ಡವರಿಗೂ ಇದೇ ಮಾತು. ಮಗ ದೂರದೇಶ ಸೇರಿದ ಮೇಲೆ ಮಂಕಾಗಿದ್ದ ಒಬ್ಬ ಹಿರಿಯರಿಗೆ ಎಲ್ಲರೂ ಮನಸ್ಸು ಗಟ್ಟಿ ಮಾಡುವ ಉಪದೇಶದ ಪುಸ್ತಕಗಳನ್ನು ಕೊಡುತ್ತಿದ್ದರು. ನಿವೃತ್ತ ಮೇಷ್ಟ್ರೊಬ್ಬರು ಕೊಟ್ಟದ್ದು ಶಿವರಾಮ ಕಾರಂತರ ‘ಬೆಟ್ಟದ ಜೀವ’. ಮಗ ಮನೆ ಬಿಟ್ಟು ಹೋದ ನೋವಿನಲ್ಲೂ ಕಾಡು ಕಡಿದು ತೋಟ ಮಾಡುತ್ತ, ಬಂದವರಿಗೆ ಉಣಬಡಿಸುತ್ತ ಬಾಳುವ ಗೋಪಾಲಯ್ಯ ದಂಪತಿಯ ಕಥೆ. ಓದಿದ ಹಿರಿಯರು ಹೆಚ್ಚೇನೂ ಹೇಳಲಿಲ್ಲ. ‘ನಮ್ಮಂಥೋರು ಆಗಲೂ ಇದ್ರು’ ಎಂದರು, ಅಷ್ಟೆ. ಮುಂದಿನ ಭಾನುವಾರ ಎಲ್ಲರಿಗೂ ಅವರ ಮನೆಯದೇ ಕಾಫಿ.

ಪುಸ್ತಕ ಹಿಡಿಸದಿದ್ದರೆ? ಐವತ್ತು ಪುಟ ಓದಿ ವಾಪಸ್ ಕೊಡಬಹುದು. ಯಾರೂ ಮುಖ ಸಣ್ಣ ಮಾಡಿಕೊಳ್ಳುವಂತಿಲ್ಲ. ತೇಜಸ್ವಿಯವರ ‘ಕರ್ವಾಲೊ’ ನನ್ನ ಪ್ರಾಣ. ಹಾರುವ ಓತಿಯ ಬೆನ್ನುಹತ್ತಿದವರ ಆ ಕಥೆಯನ್ನು ಪಕ್ಕದ ಮನೆಯವರು ಅರ್ಧಕ್ಕೇ ಹಿಂದಿರುಗಿಸಿ, ತ್ರಿವೇಣಿಯವರ ‘ಶರಪಂಜರ’ವನ್ನು ಒಂದೇ ರಾತ್ರಿಯಲ್ಲಿ ಮುಗಿಸಿದರು. ರುಚಿ ಅವರವರದು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಎನ್ನಬೇಡಿ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಅಂದಮೇಲೆ ಹತ್ತಿರದ ಗ್ರಂಥಾಲಯ ನಮ್ಮದೇ. ಮಕ್ಕಳನ್ನು ಕರೆದುಕೊಂಡು ಹೋಗಿ, ಅವರೇ ಆರಿಸಲಿ. ತೆಳುವಾದ ಪುಸ್ತಕ ತೆಗೆದರೂ, ಚಿತ್ರ ನೋಡಿ ತೆಗೆದರೂ ಗದರಬೇಡಿ.

ನಿಮ್ಮ ಬೀದಿಯಲ್ಲೂ ನಾಲ್ಕು ಮಂದಿ ಓದುಗರು ಖಂಡಿತ ಇದ್ದಾರೆ. ಈ ಭಾನುವಾರ ಅವರ ಬಾಗಿಲು ತಟ್ಟಿ. ಕೈಯಲ್ಲಿ ಒಂದು ಪುಸ್ತಕವಿರಲಿ, ಅದನ್ನು ಅವರಿಗೇ ಏಕೆ ತಂದಿರಿ ಎಂಬುದಕ್ಕೆ ಒಂದು ಮಾತೂ ಇರಲಿ.