ಉಜ್ಜುವ ಮೊದಲು ಕಲೆಯ ಜಾತಕ ನೋಡಿ

ಎರಡರಿಂದ ಐದು ವರ್ಷದ ಮಗುವಿರುವ ಮನೆಯಲ್ಲಿ ಸಲಹೆಗಳಿಗೆ ಬರವಿಲ್ಲ. ಗೋಡೆ ಮೇಲೆ ಗೀಚಿದರೆ ಟೂತ್‌ಪೇಸ್ಟ್, ಹಾಸಿಗೆ ಒದ್ದೆಯಾದರೆ ಫಿನಾಯಿಲ್, ಅಂಗಿ ಮೇಲೆ ಹಾಲು ಕಕ್ಕಿದರೆ ಕುದಿಯುವ ನೀರು, ಏನೂ ಹೋಗದಿದ್ದರೆ ಆ್ಯಸಿಡ್. ಅಜ್ಜಿ ಹೇಳಿದ್ದು, ಪಕ್ಕದ ಮನೆಯವರು ಹೇಳಿದ್ದು, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಎಲ್ಲ ಸೇರಿ ಬಚ್ಚಲುಮನೆಯ ಮೂಲೆಯಲ್ಲಿ ಬಾಟಲಿಗಳ ಸಾಲೇ ನಿಂತಿರುತ್ತದೆ. ಇವುಗಳಲ್ಲಿ ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ, ಹಲವು ಮಾಡುವುದಿಲ್ಲ, ಒಂದೆರಡು ಜೀವಕ್ಕೇ ಕುತ್ತು. ಎಲ್ಲದರ ಬುಡದಲ್ಲಿರುವ ತಪ್ಪು ಮಾತ್ರ ಒಂದೇ: ಕಲೆ ಹಟಮಾರಿಯಾದಷ್ಟೂ ಮದ್ದು ಜೋರಾಗಿರಬೇಕು ಎಂಬ ಎಣಿಕೆ. ಚೆಲ್ಲಿದ್ದು ಎಣ್ಣೆಯೋ, ಮೇಣವೋ, ಪ್ರೋಟೀನೋ, ಬಣ್ಣವೋ ಎಂದು ಮೊದಲು ವಿಚಾರಿಸಿಕೊಂಡರೆ ಬಹುಪಾಲು ಕಲೆಗಳಿಗೆ ಮನೆಯಲ್ಲಿರುವ ಸಾಮಾನೇ ಸಾಕು.

“ಬಿಸಿನೀರಿಗೆ ಹೋಗದ ಕಲೆಯಿಲ್ಲ”

ಜಿಡ್ಡಿನ ಮಟ್ಟಿಗೆ ಈ ಮಾತು ಸರಿ. ಹಾಲು, ಮೊಟ್ಟೆ, ವಾಂತಿ, ರಕ್ತ, ಮಲ, ಇವುಗಳ ವಿಷಯದಲ್ಲಿ ಪೂರ್ತಿ ತಪ್ಪು. ಇವೆಲ್ಲ ಪ್ರೋಟೀನ್ ಇರುವ ಕಲೆಗಳು. ಬಾಣಲೆಗೆ ಬಿದ್ದ ಮೊಟ್ಟೆಯ ಲೋಳೆ ಬಿಸಿಗೆ ಗಟ್ಟಿಯಾಗಿ ಬಿಳಿಚಿಕೊಳ್ಳುತ್ತದಲ್ಲ, ಬಟ್ಟೆಯ ನೂಲಿನೊಳಗೂ ಅದೇ ನಡೆಯುತ್ತದೆ. ಒಮ್ಮೆ ಹಾಗೆ ಗಟ್ಟಿಯಾದ ಪ್ರೋಟೀನನ್ನು ಬಿಡಿಸುವುದು ಬಲು ಕಷ್ಟ. ಮಗು ಹಾಲು ಕಕ್ಕಿದ ಅಂಗಿಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಬೇಕು. ಆಮೇಲೆ ಎನ್‌ಜೈಮ್ ಇರುವ ಬಟ್ಟೆ ಪುಡಿಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ಅರ್ಧ ಗಂಟೆ ನೆನೆಸಿಡಬೇಕು. ಆ ಪುಡಿಯಲ್ಲಿರುವ ಪ್ರೋಟಿಯೇಸ್ ಎಂಬ ಎನ್‌ಜೈಮು ಪ್ರೋಟೀನನ್ನು ಚೂರುಚೂರು ಮಾಡುತ್ತದೆ. ಅದಕ್ಕೆ ಬೇಕಾದದ್ದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ಮತ್ತು ಸ್ವಲ್ಪ ಸಮಯ. ಕುದಿಯುವ ನೀರು ಸುರಿದರೆ ಎನ್‌ಜೈಮೇ ಕೆಟ್ಟುಹೋಗುತ್ತದೆ.

ಮದುವೆ ಮನೆಯಲ್ಲಿ ಮಗು ರೇಷ್ಮೆ ಸೀರೆ ಮೇಲೆ ಹಾಲು ಕಕ್ಕಿದ್ದರೆ ಮಾತ್ರ ಈ ಪುಡಿ ಬೇಡ. ರೇಷ್ಮೆಯೂ ಪ್ರೋಟೀನೇ. ಹಾಲಿನ ಕಲೆಯನ್ನು ತಿನ್ನುವ ಎನ್‌ಜೈಮಿಗೆ ಮೈಸೂರು ರೇಷ್ಮೆಯ ಎಳೆ ಯಾವುದು, ಕಲೆ ಯಾವುದು ಎಂಬ ಭೇದವಿಲ್ಲ. ಬ್ಲೀಚ್ ಅಂತೂ ರೇಷ್ಮೆಯನ್ನೂ ಉಣ್ಣೆಯನ್ನೂ ಕರಗಿಸಿಯೇ ಬಿಡುತ್ತದೆ. ತಣ್ಣೀರಿನ ಬಟ್ಟೆಯಲ್ಲಿ ಒತ್ತಿ ತೆಗೆದು, ಉಳಿದದ್ದನ್ನು ಡ್ರೈಕ್ಲೀನಿಂಗ್‌ನವರಿಗೆ ಬಿಡುವುದು ಜಾಣತನ.

ರಾಗಿ ಸರಿಯ ಕಥೆ ಬೇರೆ. ನೆಲ, ಕುರ್ಚಿ, ಮಗುವಿನ ಕೂದಲು ಎಲ್ಲೆಂದರಲ್ಲಿ ಒಣಗಿ ಕಲ್ಲಾಗುವ ಅದು ಮುಖ್ಯವಾಗಿ ಪಿಷ್ಟ. ಪಂಚೆಗೆ ಗಂಜಿ ಹಾಕಿದಾಗ ಗರಿಗರಿಯಾಗುವುದೂ ಪಿಷ್ಟದಿಂದಲೇ. ಚಾಕುವಿನಿಂದ ಕೆರೆದರೆ ಕುರ್ಚಿಗೆ ಗೀರು ಬೀಳುತ್ತದೆ, ಸರಿ ಅಲ್ಲೇ ಉಳಿಯುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹೊದಿಸಿ ಕಾಲು ಗಂಟೆ ಬಿಟ್ಟರೆ ಪಿಷ್ಟ ನೀರು ಕುಡಿದು ತಾನೇ ಮೆತ್ತಗಾಗುತ್ತದೆ. ಈ ಕಾಲು ಗಂಟೆ ಕಾಯುವ ತಾಳ್ಮೆ ನಮ್ಮಲ್ಲಿ ಯಾರಿಗೂ ಇರುವುದಿಲ್ಲ, ಅಷ್ಟೇ.

“ಅರಿಸಿನದ ಕಲೆ ಕೆಂಪಾದರೆ ಬಟ್ಟೆಯ ಆಸೆ ಬಿಡಿ”

ಬಿಳಿ ಯೂನಿಫಾರ್ಮಿಗೆ ಸಾರು ಚೆಲ್ಲಿದೆ. ಸೋಪು ತಿಕ್ಕಿದ ಕ್ಷಣ ಹಳದಿ ಕಲೆ ಕೆಂಪಾಗುತ್ತದೆ. ಸೋಪಿನಿಂದ ಕಲೆ ಇನ್ನೂ ಹದಗೆಟ್ಟಿತೆಂದು ಗಾಬರಿಯಾದವರು ಬ್ಲೀಚ್ ಬಾಟಲಿಗೆ ಕೈಹಾಕುತ್ತಾರೆ. ಇಲ್ಲಿ ಹದಗೆಟ್ಟದ್ದು ಏನೂ ಇಲ್ಲ. ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಕ್ಷಾರ ಸೋಕಿದರೆ ಕೆಂಪಾಗುತ್ತದೆ, ಆಮ್ಲ ಸೋಕಿದರೆ ಮತ್ತೆ ಹಳದಿಯಾಗುತ್ತದೆ. ಆರತಿ ತಟ್ಟೆಯ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡುವವರಿಗೆ ಈ ಗುಟ್ಟು ತಲೆತಲಾಂತರದಿಂದ ಗೊತ್ತು. ಸುಣ್ಣ ಕ್ಷಾರ, ಬಟ್ಟೆ ಸೋಪೂ ಕ್ಷಾರ. ಶಾಲೆಯ ಪ್ರಯೋಗಾಲಯದಲ್ಲಿ ಅರಿಸಿನದ ಕಾಗದವನ್ನು ಸೂಚಕವಾಗಿ ಬಳಸುವುದೂ ಇದೇ ಗುಣಕ್ಕಾಗಿ. ಕಲೆ ಕೆಂಪಾದರೆ ಚೆನ್ನಾಗಿ ಜಾಲಿಸಿ, ಬೇಕಿದ್ದರೆ ನಾಲ್ಕು ಹನಿ ನಿಂಬೆರಸ ಹಿಂಡಿ, ಹಳದಿಗೆ ಮರಳುತ್ತದೆ.

ಹಳದಿ ಹೋಗುವುದು ಹೇಗೆ? ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಮತ್ತು ಆಲ್ಕೋಹಾಲಿನಲ್ಲಿ ಕರಗುತ್ತದೆ. ಸಾರಿನ ಒಗ್ಗರಣೆ ಎಣ್ಣೆಯೇ ಅದನ್ನು ನೂಲಿನೊಳಗೆ ಇಳಿಸಿರುತ್ತದೆ. ಆದ್ದರಿಂದ ಪಾತ್ರೆ ತೊಳೆಯುವ ದ್ರವ ಹಚ್ಚಿ ಮೊದಲು ಜಿಡ್ಡು ತೆಗೆಯಬೇಕು. ಉಳಿದದ್ದನ್ನು ಸೂರ್ಯನಿಗೆ ಬಿಡಬೇಕು, ಏಕೆಂದರೆ ಕರ್ಕ್ಯುಮಿನ್ ಬಿಸಿಲಿಗೆ ಒಡೆದುಹೋಗುವ ಬಣ್ಣ. ಒದ್ದೆ ಬಟ್ಟೆಯನ್ನು ಕಲೆ ಮೇಲಾಗಿ ಸುಡುಬಿಸಿಲಿನಲ್ಲಿ ಹರವಿದರೆ ಒಂದೆರಡು ಮಧ್ಯಾಹ್ನಗಳಲ್ಲಿ ಮಾಸುತ್ತದೆ. ಜುಲೈ ತಿಂಗಳ ಆಗುಂಬೆಯಲ್ಲೋ ಉಡುಪಿಯಲ್ಲೋ ಇರುವವರು ಸೂರ್ಯನನ್ನು ಕಾಯುತ್ತಾ ಕೂರಬೇಕಿಲ್ಲ. ಆಲ್ಕೋಹಾಲ್ ಇರುವ ಸ್ಯಾನಿಟೈಸರಿನಲ್ಲಿ ಹತ್ತಿ ಅದ್ದಿ ಒತ್ತುತ್ತಾ ಬಂದರೆ ಹತ್ತಿಗೆ ಹಳದಿ ಹತ್ತಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ.

“ಗೋಡೆ ಗೀಚಿದ್ದಕ್ಕೆ ಟೂತ್‌ಪೇಸ್ಟ್”

ಹೋಗುತ್ತದೆ, ಗೋಡೆಯ ಬಣ್ಣವೂ ಜೊತೆಗೆ ಹೋಗುತ್ತದೆ. ಟೂತ್‌ಪೇಸ್ಟಿನಲ್ಲಿ ಇರುವುದು ಹಲ್ಲು ಉಜ್ಜುವ ನಯವಾದ ತರಿ. ಮ್ಯಾಜಿಕ್ ಸ್ಪಂಜ್ ಎಂದು ಮಾರುವ ಬಿಳಿ ತುಂಡಿನಲ್ಲೂ ಮ್ಯಾಜಿಕ್ ಏನಿಲ್ಲ, ಅದು ಮೆಲಮೈನ್ ಎಂಬ ಗಟ್ಟಿ ನೊರೆ, ಬಹಳ ನುಣುಪಾದ ಉಪ್ಪುಕಾಗದದ ಕೆಲಸ ಮಾಡುತ್ತದೆ. ಹೊಳಪಿನ ಎನಾಮಲ್ ಗೋಡೆ ಇದನ್ನೆಲ್ಲ ಒಂದಿಷ್ಟು ತಡೆದುಕೊಳ್ಳಬಹುದು, ಆದರೂ ಹೊಳಪು ಮಂಕಾಗಿ ಅಲ್ಲೊಂದು ತೇಪೆ ಕಾಣುತ್ತದೆ. ಡಿಸ್ಟೆಂಪರ್ ಬಳಿದ ಗೋಡೆಯಾದರೆ ಒದ್ದೆ ಬಟ್ಟೆಗೇ ಬಣ್ಣ ಎದ್ದು ಬರುತ್ತದೆ.

ಕ್ರೇಯಾನ್ ಎಂದರೆ ಪ್ಯಾರಫಿನ್ ಮೇಣ ಮತ್ತು ಬಣ್ಣದ ಪುಡಿ. ಮೇಣಕ್ಕೆ ನೀರು ಅಂಟುವುದಿಲ್ಲ, ಬರೀ ನೀರಿನಲ್ಲಿ ಒರೆಸಿ ಸುಸ್ತಾಗುವುದು ಅದಕ್ಕೇ. ದಪ್ಪಗೆ ಕೂತ ಮೇಣವನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ಎಬ್ಬಿಸಿ, ಪಾತ್ರೆ ದ್ರವ ಹಾಕಿದ ಮೆದು ಬಟ್ಟೆಯಿಂದ ಒರೆಸಿ, ಕೊನೆಗೆ ಬೇಕಾದರೆ ಚಿಟಿಕೆ ಅಡುಗೆ ಸೋಡಾ ಬಳಸಿ. ಹೇರ್ ಡ್ರೈಯರ್ ಹಿಡಿದು ಮೇಣ ಕರಗಿಸುವ ಉಪಾಯ ಹೊಳಪಿನ ಗೋಡೆಗೆ ಸರಿ. ಸುಣ್ಣದ ಗೋಡೆಯಲ್ಲಿ ಕರಗಿದ ಮೇಣ ಒಳಕ್ಕೆ ಇಳಿದು ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಭ್ರಮೆ: “ಹೇಗೂ ಹಬ್ಬಕ್ಕೆ ಪೇಂಟ್ ಮಾಡಿಸುತ್ತೇವೆ, ಮುಚ್ಚಿಹೋಗುತ್ತದೆ.” ಮುಚ್ಚಿಹೋಗುವುದಿಲ್ಲ. ನೀರಿನ ಆಧಾರದ ಪೇಂಟ್ ಮೇಣದ ಮೇಲೆ ಕಚ್ಚುವುದಿಲ್ಲ, ಬಾಲ್‌ಪೆನ್ನಿನ ಶಾಯಿ ಹೊಸ ಪದರವನ್ನೂ ತೂರಿ ಮೇಲಕ್ಕೆ ಬರುತ್ತದೆ. ಗೀಚಿದ ಜಾಗವನ್ನು ತೊಳೆದು, ಆಯಿಲ್ ಪ್ರೈಮರ್ ಬಳಿದು, ಆಮೇಲೆ ಬಣ್ಣ ಹಚ್ಚಿ ಎಂದು ಪೇಂಟರಿಗೆ ಮೊದಲೇ ಹೇಳಿ.

ಪೆನ್ನು, ಅಂಟುಗಳ ವಿಷಯ ಬೇಗ ಮುಗಿಯುತ್ತದೆ. ನೀರಿನ ಸ್ಕೆಚ್‌ಪೆನ್ನಿಗೆ ಸೋಪು ನೀರು. ಬಾಲ್‌ಪೆನ್ನಿಗೆ, ಪರ್ಮನೆಂಟ್ ಮಾರ್ಕರಿಗೆ ಸ್ಯಾನಿಟೈಸರ್. ಬಟ್ಟೆಯಾದರೆ ಅಡಿಗೊಂದು ಹಳೆ ಬಟ್ಟೆ ಇಟ್ಟು ಒತ್ತಬೇಕು, ತಿಕ್ಕಿದರೆ ಹರಡುತ್ತದೆ. ಟಿವಿ ಪರದೆಗೆ ಮಾತ್ರ ಆಲ್ಕೋಹಾಲನ್ನಾಗಲಿ ಗಾಜು ಒರೆಸುವ ದ್ರವವನ್ನಾಗಲಿ ತಾಗಿಸಬೇಡಿ, ಮೇಲಿನ ಲೇಪ ಹಾಳಾಗುತ್ತದೆ. ಸ್ಟಿಕ್ಕರಿನ ಅಂಟಿಗೆ, ಕೂದಲಿಗೆ ಮೆತ್ತಿದ ಚೂಯಿಂಗ್ ಗಮ್ಮಿಗೆ ಕೊಬ್ಬರಿ ಎಣ್ಣೆ. ಕೂದಲು ಕತ್ತರಿಸುವ ಅಗತ್ಯವಿಲ್ಲ. ಫೆವಿಕ್ವಿಕ್‌ನಂಥ ಅಂಟಿನಿಂದ ಬೆರಳುಗಳು ಕೂಡಿಕೊಂಡರೆ ಎಳೆಯಬೇಡಿ, ಬೆಚ್ಚಗಿನ ಸೋಪು ನೀರಿನಲ್ಲಿ ಅದ್ದಿಟ್ಟು ನಿಧಾನ ಬಿಡಿಸಿ. ಹತ್ತಿಯಿಂದ ಒರೆಸಲೂಬಾರದು: ಆ ಅಂಟು ಹತ್ತಿಯ ಜೊತೆ ಸೇರಿದಾಗ ಸುಡುವಷ್ಟು ಬಿಸಿಯಾಗುತ್ತದೆ.

“ಹಾಸಿಗೆ ವಾಸನೆಗೆ ಫಿನಾಯಿಲ್, ಇಲ್ಲವೇ ಬ್ಲೀಚ್”

ಮೂತ್ರದಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ. ಆಗತಾನೇ ಹೊಯ್ದದ್ದಕ್ಕೆ ಅಷ್ಟೇನೂ ನಾತವಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡಿದಾಗ ಮೂಗಿಗೆ ಬಡಿಯುವ ವಾಸನೆ ಹುಟ್ಟುತ್ತದೆ. ಫಿನಾಯಿಲ್ ತನ್ನ ಘಾಟಿನಿಂದ ಇದನ್ನು ಸ್ವಲ್ಪ ಹೊತ್ತು ಅಡಗಿಸುತ್ತದೆ, ಯೂರಿಯಾ ಇದ್ದಲ್ಲೇ ಇರುತ್ತದೆ. ಬಿಸಿಲಿಗೆ ಹಾಕುವ ಪದ್ಧತಿ ಒಳ್ಳೆಯದು, ಆದರೆ ಬಿಸಿಲು ಒಣಗಿಸುವುದು ನೀರನ್ನು ಮಾತ್ರ. ಉಪ್ಪು, ಯೂರಿಯಾಗಳು ಹತ್ತಿಯೊಳಗೆ ಉಳಿದು, ಮಳೆಗಾಲದ ತೇವ ಹೀರಿ, ವಾಸನೆಯನ್ನು ಮತ್ತೆ ಎಬ್ಬಿಸುತ್ತವೆ. ಬೇಸಿಗೆಯಲ್ಲಿ ಇಲ್ಲದ ನಾತ ಜೂನ್‌ನಲ್ಲಿ ಎಲ್ಲಿಂದ ಬಂತೆಂದು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇದು.

ಒದ್ದೆಯಾದ ತಕ್ಷಣ ಒಣಬಟ್ಟೆ ಒತ್ತಿ ಎಷ್ಟು ಸಾಧ್ಯವೋ ಅಷ್ಟು ಹೀರಿಸಿ. ಸ್ವಲ್ಪ ತಣ್ಣೀರು ಚಿಮುಕಿಸಿ ಮತ್ತೆ ಹೀರಿಸಿ. ಹಳೆಯ ಕಲೆಗೆ ಎನ್‌ಜೈಮ್ ದ್ರವ ಹಚ್ಚಿ ಕೆಲವು ಗಂಟೆ ಒದ್ದೆಯಾಗಿಯೇ ಬಿಟ್ಟು, ಹೀರಿಸಿ, ಆಮೇಲೆ ಬಿಸಿಲಿಗೆ ಹಾಕಿ. ಹಾಸಿಗೆಗೆ ಒಂದು ರಬ್ಬರ್ ಶೀಟ್ ಹೊದಿಸುವುದು ಇದೆಲ್ಲಕ್ಕಿಂತ ಅಗ್ಗ.

ಬ್ಲೀಚ್ ವಿಷಯ ಗಂಭೀರವಾದದ್ದು. ಬ್ಲೀಚಿನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ. ಅದೇ ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬೆರೆಸಿದರೆ ಬರುವುದು ಕ್ಲೋರಿನ್. 1915ರಲ್ಲಿ ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲ. ಎರಡು ಜೋರಾದ ಮದ್ದು ಸೇರಿದರೆ ಇನ್ನೂ ಜೋರಾಗುತ್ತದೆ ಎಂದುಕೊಂಡು ಕಿಟಕಿಯಿಲ್ಲದ ಬಚ್ಚಲಿನಲ್ಲಿ ಇವನ್ನು ಬೆರೆಸುವವರು ಇಂದಿಗೂ ಇದ್ದಾರೆ.

“ಸೋಡಾ, ವಿನೆಗರ್ ಬೆರೆಸಿದರೆ ನೊರೆಯೇ ಕೊಳೆ ತೆಗೆಯುತ್ತದೆ”

ಈ ಮಿಶ್ರಣದಿಂದ ವಿಷವೇನೂ ಹುಟ್ಟುವುದಿಲ್ಲ, ಉಪಯೋಗವೂ ಹೆಚ್ಚಿಲ್ಲ. ಆಮ್ಲ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ಬುಸುಗುಟ್ಟಿದ್ದು ಇಂಗಾಲದ ಡೈಆಕ್ಸೈಡ್. ವಿಡಿಯೊದಲ್ಲಿ ನೋಡಲು ಚೆಂದ. ಬೇರೆಬೇರೆಯಾಗಿ ಬಳಸಿದರೆ ಎರಡೂ ಒಳ್ಳೆಯವೇ: ಸೋಡಾ ಮೆತ್ತಗೆ ಉಜ್ಜುತ್ತದೆ, ವಿನೆಗರ್ ಬೋರ್‌ವೆಲ್ ನೀರಿನ ಬಿಳಿ ಕರೆ ಕರಗಿಸುತ್ತದೆ. ಆದರೆ ಮನೆಗೆ ಶಹಾಬಾದ್ ಕಲ್ಲಿನ ನೆಲವಿದ್ದರೆ ವಿನೆಗರ್, ನಿಂಬೆ ಎರಡನ್ನೂ ದೂರವಿಡಿ. ಕಲಬುರಗಿ ಸೀಮೆಯ ಆ ಕಲ್ಲು ಸುಣ್ಣಕಲ್ಲು. ಅಮೃತಶಿಲೆಯ ಹಾಗೆ ಅದೂ ಆಮ್ಲಕ್ಕೆ ಸವೆದು ಹೊಳಪು ಕಳೆದುಕೊಳ್ಳುತ್ತದೆ.

“ಡೈಪರ್ ಒಡೆದರೆ ಅದರ ಜೆಲ್ ವಿಷ”

ಬಟ್ಟೆಗಳ ಮಧ್ಯೆ ಒಂದು ಡೈಪರ್ ನುಸುಳಿ ವಾಷಿಂಗ್ ಮಷೀನ್ ಸೇರಿದರೆ ಡ್ರಮ್ ತುಂಬ ಸಬ್ಬಕ್ಕಿ ಪಾಯಸ! ಅದು ಸೋಡಿಯಂ ಪಾಲಿಅಕ್ರಿಲೇಟ್, ತನ್ನ ತೂಕದ ನೂರಾರು ಪಟ್ಟು ಶುದ್ಧ ನೀರನ್ನು ಹೀರಬಲ್ಲ ಪುಡಿ. ವಿಷವಲ್ಲ. ಆದರೂ ಮಗುವಿನ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು. ನೀರು ಹಾಕಿ ತೊಳೆದಷ್ಟೂ ಉಬ್ಬುತ್ತದೆ. ಬಟ್ಟೆಗಳನ್ನು ಹೊರಗೆ ಕೊಡವಿ, ಡ್ರಮ್ಮನ್ನು ಬಟ್ಟೆಯಿಂದ ಬಳಿದು ತೆಗೆದು, ಉಳಿದದ್ದಕ್ಕೆ ಅಡುಗೆ ಉಪ್ಪು ಉದುರಿಸಿ. ಉಪ್ಪು ತಾಗಿದೊಡನೆ ಜೆಲ್ ನೀರು ಬಿಟ್ಟು ಕುಗ್ಗುತ್ತದೆ.

“ಹಾಲುಗಲ್ಲದ ಕೂಸು, ಅದರದ್ದೇನು ಹೊಲಸು”

ಎಲ್ಲ ನಂಬಿಕೆಗಳಲ್ಲಿ ಅತ್ಯಂತ ಮುದ್ದಾದದ್ದೂ ಅತ್ಯಂತ ಕೆಟ್ಟದ್ದೂ ಇದು. ದೊಡ್ಡವರ ಮಲದಲ್ಲಿರುವ ರೋಗಾಣುಗಳೆಲ್ಲ ಮಕ್ಕಳ ಮಲದಲ್ಲೂ ಇರುತ್ತವೆ. ಪುಟ್ಟ ಮಕ್ಕಳಿಗೆ ಭೇದಿ, ಜಂತುಹುಳದ ಕಾಟ ಹೆಚ್ಚಾಗಿರುವುದರಿಂದ ಎಷ್ಟೋ ಸಲ ಹೆಚ್ಚೇ ಇರುತ್ತವೆ. ಅದನ್ನು ಚರಂಡಿಗೋ ಹಿತ್ತಲಿಗೋ ಎಸೆಯದೆ ಕಕ್ಕಸಿಗೆ ಹಾಕಬೇಕು. ನೆಲವನ್ನು ಮೊದಲು ಸೋಪಿನಿಂದ ತೊಳೆದು ಆಮೇಲೆ ಸೋಂಕುನಾಶಕ ಹಾಕಬೇಕು. ಕೊಳೆಯ ಮೇಲೇ ಸುರಿದ ಬ್ಲೀಚಿನ ಶಕ್ತಿ ಕೊಳೆಯಲ್ಲೇ ವ್ಯಯವಾಗುತ್ತದೆ. ಕೈಯನ್ನು ಸೋಪಿನಿಂದಲೇ ತೊಳೆಯಬೇಕು. ವಾಂತಿಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಬಳಸಿದ ಡೈಪರನ್ನು ಸುತ್ತಿ ಬೇರೆಯಾಗಿ ಕೊಡಬೇಕೆಂದು ಘನತ್ಯಾಜ್ಯ ನಿಯಮಗಳೇ ಹೇಳುತ್ತವೆ. ಕಸ ಎತ್ತುವ ಪೌರಕಾರ್ಮಿಕರ ಕೈಯೂ ಕೈಯೇ ತಾನೆ.

“ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ”

ಟಾರು, ಪೇಂಟ್, ಅಂಟು ತೆಗೆಯಲೆಂದು ಸೀಮೆಎಣ್ಣೆ ಅಥವಾ ಟರ್ಪೆಂಟೈನನ್ನು ಹಳೆಯ ತಂಪುಪಾನೀಯದ ಬಾಟಲಿಯಲ್ಲಿ ಇಡುವುದು ನಮ್ಮ ಮನೆಗಳ ರೂಢಿ. ಮಗು ಬಾಟಲಿಯ ಗುರುತು ಹಿಡಿದು ಕುಡಿಯುತ್ತದೆ. ಆಗ ವಾಂತಿ ಮಾಡಿಸಿದರೆ ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ, ಆ್ಯಸಿಡ್ ಆಗಿದ್ದರೆ ಅನ್ನನಾಳವನ್ನು ಎರಡನೇ ಸಲ ಸುಡುತ್ತದೆ. ಉಪ್ಪುನೀರು ತಾನೇ ಮಗುವಿನ ರಕ್ತದಲ್ಲಿ ಸೋಡಿಯಂ ಏರಿಸಿ ಪ್ರಾಣಕ್ಕೆ ಎರವಾಗಬಹುದು. ವಾಂತಿ ಮಾಡಿಸಬೇಡಿ. ಕುಡಿದ ಬಾಟಲಿಯನ್ನು ಕೈಯಲ್ಲೇ ಹಿಡಿದು ಕೂಡಲೇ ಆಸ್ಪತ್ರೆಗೆ ಹೊರಡಿ. ಆಂಬುಲೆನ್ಸ್ ಬೇಕಿದ್ದರೆ 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಇಂದೇ ಆ ಬಾಟಲಿಗಳನ್ನೆಲ್ಲ ಕೆಳಗಿನ ಕಪಾಟಿನಿಂದ ಎತ್ತಿ, ಮಗುವಿಗೆ ಎಟುಕದ ಕಡೆ ಬೀಗ ಹಾಕಿಡಿ.