ರೀಲಿನ ಡಬ್ಬ ಯಾರ ಕೈಯಲ್ಲಿ?

ಸಿನಿಮಾ ಕುರಿತ ನಮ್ಮ ವಿಮರ್ಶೆ ತೆರೆಯ ಮೇಲೆ ಕಂಡದ್ದನ್ನಷ್ಟೇ ಮಾತಾಡುತ್ತದೆ. ದಲಿತ ಪಾತ್ರ ಹೇಗಿತ್ತು, ಬರೆದವರು ಯಾರು ಅಂತ ಕೇಳುತ್ತೇವೆ. ಕೇಳಲೇಬೇಕು. ಆದರೆ ತೆರೆಗೇ ಬಾರದೆ ಹೋದದ್ದರ ಲೆಕ್ಕ ಇಡುವವರು ಯಾರು? ಅದನ್ನು ಹುಡುಕಲು ವಿತರಕನ ಆಫೀಸಿಗೇ ಹೋಗಬೇಕು ಎಂಬುದು ನನ್ನ ಅನಿಸಿಕೆ.

ಅಮೆರಿಕದ ಕಪ್ಪು ಜನರ ಹೋರಾಟದಿಂದ ದಲಿತ ಪ್ಯಾಂಥರ್ಸ್ 1972ರಲ್ಲಿ ಹೆಸರನ್ನೇ ಪಡೆದರು. ಆ ಜನರ ಸಿನಿಮಾ ಪಟ್ಟ ಪಾಡೂ ನಮಗೆ ಪಾಠವೇ. ಹಾಲಿವುಡ್ಡಿನ ದೊಡ್ಡ ಕಂಪನಿಗಳು 1920-30ರ ದಶಕಗಳಲ್ಲಿ ಚಿತ್ರ ತಯಾರಿಕೆ, ವಿತರಣೆ, ದೊಡ್ಡ ಊರುಗಳ ಒಳ್ಳೊಳ್ಳೆ ಥಿಯೇಟರು ಮೂರನ್ನೂ ಹಿಡಿದುಕೊಂಡಿದ್ದವು. ಉಳಿದ ಥಿಯೇಟರಿನವರ ಕೊರಳಿಗೆ 'ಬ್ಲಾಕ್ ಬುಕಿಂಗ್' ಎಂಬ ಕುಣಿಕೆ. ಹೆಸರಾಂತ ನಟನ ಒಂದು ಚಿತ್ರ ಬೇಕೇ? ಹಾಗಾದರೆ ಕಂಪನಿಯ ಇನ್ನೂ ಹತ್ತಾರು ಚಿತ್ರಗಳನ್ನು, ಎಷ್ಟೋ ಸಲ ನೋಡದೇನೇ, ಒಟ್ಟಿಗೆ ತಗೋಬೇಕು. ವರ್ಷದ ವಾರಗಳೆಲ್ಲ ಹೀಗೆ ತುಂಬಿಹೋದರೆ ಹೊರಗಿನವನಿಗೆ ಜಾಗವೆಲ್ಲಿ? ನಿಷೇಧವೇನೂ ಬೇಕಿಲ್ಲ, 'ಡೇಟ್ ಇಲ್ಲ' ಅಂದರೆ ಸಾಕು.

ಕಪ್ಪು ನಿರ್ದೇಶಕ ಆಸ್ಕರ್ ಮಿಶೋ ಹೀಗೆ ಹೊರಗುಳಿದವನು. ಷೇರು ಮಾರಿ ಹಣ ಕೂಡಿಸಿ 1919ರಲ್ಲಿ ಮೊದಲ ಚಿತ್ರ ಹೊರತಂದ. ರೀಲುಗಳನ್ನು ತಾನೇ ಹೊತ್ತು ಕಪ್ಪು ಜನರ ಥಿಯೇಟರುಗಳಿಗೆ ಊರೂರು ಅಲೆದ. ಹೀಗೆ ಸುಮಾರು 40 ಚಿತ್ರ ಮಾಡಿದ. ಅವುಗಳಲ್ಲಿ ಬಹುಪಾಲು ಇಂದು ಇಲ್ಲ; ಆ ಮೊದಲನೆಯದೂ ಇಲ್ಲ. 1920ರ 'ವಿದಿನ್ ಅವರ್ ಗೇಟ್ಸ್' ಉಳಿದದ್ದು ಅದರ ಒಂದು ಪ್ರಿಂಟು ದೂರದ ಸ್ಪೇನಿನಲ್ಲಿ ಸಿಕ್ಕಿದ್ದರಿಂದ. ಕೈಯಲ್ಲಿ ಹೊತ್ತು ತಿರುಗಿಸುವ ಚಿತ್ರಕ್ಕೆ ಪ್ರಿಂಟುಗಳೆಷ್ಟಿರುತ್ತವೆ? ಕಾಪಿಡುವ ಉಗ್ರಾಣವಾದರೂ ಎಲ್ಲಿರುತ್ತದೆ? ವಿತರಣೆಯ ಯಜಮಾನಿಕೆ ಇವತ್ತಿನ ಆಟವನ್ನಷ್ಟೇ ಅಲ್ಲ, ನಾಳಿನ ಚರಿತ್ರೆಯನ್ನೂ ಕಸಿಯುತ್ತದೆ.

1948ರಲ್ಲಿ ಪ್ಯಾರಾಮೌಂಟ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬ್ಲಾಕ್ ಬುಕಿಂಗ್ ಅಕ್ರಮ ಎಂದಿತು. ಮುಂದೆ ಕಂಪನಿಗಳು ಥಿಯೇಟರುಗಳನ್ನು ಬಿಟ್ಟುಕೊಡಬೇಕಾಯಿತು. ಆದರೆ ಆ ತೀರ್ಪು ಮಾತಾಡಿದ್ದು ವ್ಯಾಪಾರದ ಪೈಪೋಟಿ ಕುರಿತು. ಬಣ್ಣದ ಕಾರಣಕ್ಕೆ ಹೊರಗಿಟ್ಟವರ ಕುರಿತಲ್ಲ. ಮಿಶೋನ ಕೊನೆಯ ಚಿತ್ರ ಬಂದದ್ದೂ ಅದೇ ವರ್ಷ. 1951ರಲ್ಲಿ ಆತ ತೀರಿಕೊಂಡ. ಆ ಮೊಕದ್ದಮೆಯ ಕಟ್ಟುಪಾಡುಗಳನ್ನು 2020ರಲ್ಲಿ ಅಲ್ಲಿನ ಕೋರ್ಟೇ ಕೊನೆಗೊಳಿಸಿತು.

ಹಾಗಾಗಿ ಗೆಳೆಯರೇ, ಒಂದು ಚಿತ್ರ 'ಓಡಲಿಲ್ಲ, ಜನ ಒಪ್ಪಲಿಲ್ಲ' ಅಂತ ಯಾರಾದರೂ ಹೇಳಿದರೆ ಸುಮ್ಮನೆ ನಂಬಬೇಡಿ. ಎಷ್ಟು ಥಿಯೇಟರು ಸಿಕ್ಕಿತ್ತು, ದಿನಕ್ಕೆ ಎಷ್ಟು ಆಟ, ಎಷ್ಟು ವಾರ, ತೆಗೆಸಿದವರು ಯಾರು ಅಂತ ಕೇಳಿ. ಅದನ್ನು ಬರೆದಿಡುವುದೂ ದಲಿತ ವಿಮರ್ಶೆಯ ಕೆಲಸವೇ.