ಕಾರಿನ ಪ್ಯಾಡ್ ಮೇಲೆ ಮೊಬೈಲ್ ಸುಡುವುದೇಕೆ?

ವೈರಿನ ಗೋಜಿಲ್ಲದ ಚಾರ್ಜಿಂಗ್‌ಗೆ ಬ್ಯಾಟರಿ ತೆರುತ್ತಿರುವ ಬೆಲೆ ಏನು? ಬಿಸಿಲುಗಾಲದ ಪ್ರಯಾಣದಲ್ಲಿ ಮೊಬೈಲನ್ನು ಕಾಪಾಡಿಕೊಳ್ಳುವುದು ಹೇಗೆ?

ಹೊಸ ಕಾರು ನೋಡಲು ಹೋದವರಿಗೆ ಶೋರೂಮಿನಲ್ಲಿ ಸನ್‌ರೂಫ್ ತೋರಿಸಿದ ಮೇಲೆ ಮುಂದಿನ ಸರದಿ ವೈರ್‌ಲೆಸ್ ಚಾರ್ಜರಿನದು. ಗೇರ್ ಲಿವರಿನ ಮುಂದಿನ ಗೂಡಿನಲ್ಲಿ ರಬ್ಬರು ಹೊದಿಸಿದ ಒಂದು ಪ್ಯಾಡ್. ಮೊಬೈಲನ್ನು ಅದರ ಮೇಲೆ ಇಟ್ಟರಾಯಿತು, ಚಾರ್ಜ್ ಶುರು. ಅದೇ ಕಾರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಬೆಂಗಳೂರಿನಿಂದ ರಾಯಚೂರಿಗೋ ಕಲಬುರಗಿಗೋ ಹೊರಟು, ಮ್ಯಾಪ್ ಹಾಕಿ ಮೊಬೈಲನ್ನು ಪ್ಯಾಡ್ ಮೇಲಿಟ್ಟು, ಎರಡು ಗಂಟೆಯ ಮೇಲೆ ಎತ್ತಿಕೊಂಡರೆ ಅಂಗೈ ಚುರ್ ಎನ್ನುತ್ತದೆ. ಪರದೆ ಮಂಕಾಗಿರುತ್ತದೆ. ಚಾರ್ಜ್ ಇದ್ದಲ್ಲೇ ನಿಂತಿರುತ್ತದೆ. ಕೆಲವೊಮ್ಮೆ, ತಣ್ಣಗಾಗುವವರೆಗೆ ಬಳಸಲಾಗದು ಎಂಬ ಎಚ್ಚರಿಕೆಯೂ ಬಂದಿರುತ್ತದೆ.

ಮೊಬೈಲ್ ಕೆಟ್ಟಿದೆ ಎಂದು ಕೆಲವರು, ಕಾರಿನ ಚಾರ್ಜರ್ ಕೆಟ್ಟಿದೆ ಎಂದು ಕೆಲವರು ಸರ್ವಿಸ್ ಸೆಂಟರಿಗೆ ಹೋಗುತ್ತಾರೆ. ಬಹಳಷ್ಟು ಸಲ ಎರಡೂ ಕೆಟ್ಟಿರುವುದಿಲ್ಲ. ಬಿಸಿ ಹುಟ್ಟುವುದು ಈ ವಿಧಾನದ ಗುಣ. ಆ ಬಿಸಿ ಹೊರಹೋಗಲು ಕಾರಿನೊಳಗಿನ ಗೂಡಿಗಿಂತ ಪ್ರತಿಕೂಲವಾದ ಜಾಗ ಸಿಗುವುದು ಕಷ್ಟ. ಗ್ರಾಹಕರಿಗೆ ಶೋರೂಮಿನಲ್ಲೇ ತಿಳಿಯಬೇಕಾದ ಸಂಗತಿ ಇದು.

ತಂತಿಯಿಲ್ಲದೆ ದಾಟುವ ವಿದ್ಯುತ್

ಇದರ ಹಿಂದಿರುವ ವಿಜ್ಞಾನ ಹಳೆಯದು. ಬದಲಾಗುತ್ತಿರುವ ಕಾಂತಕ್ಷೇತ್ರದ ಬಳಿ ತಂತಿಯ ಸುರುಳಿಯನ್ನಿಟ್ಟರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದರು. ಕಾರಿನ ಪ್ಯಾಡಿನ ಅಡಿಯಲ್ಲಿ ಒಂದು ತಾಮ್ರದ ಸುರುಳಿ ಇದೆ, ಮೊಬೈಲಿನ ಬೆನ್ನಿನೊಳಗೆ ಇನ್ನೊಂದು. ಪ್ಯಾಡಿನ ಸುರುಳಿಯಲ್ಲಿ ವಿದ್ಯುತ್ ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ಅದರಿಂದ ಏಳುವ ಕಾಂತಕ್ಷೇತ್ರ ಮೊಬೈಲಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಅದನ್ನು ನೇರ ವಿದ್ಯುತ್ತಾಗಿ ಪರಿವರ್ತಿಸಿ ಬ್ಯಾಟರಿಗೆ ತುಂಬಲಾಗುತ್ತದೆ.

ಈ ಪ್ರತಿಯೊಂದು ಹಂತದಲ್ಲೂ ಒಂದಿಷ್ಟು ಶಕ್ತಿ ಸೋರುತ್ತದೆ, ಸೋರಿದ್ದೆಲ್ಲ ಬಿಸಿಯಾಗುತ್ತದೆ. ಕೇಬಲ್ಲಿನಲ್ಲಿ ಸೋರಿಕೆ ಕಡಿಮೆ. ವೈರ್‌ಲೆಸ್‌ನಲ್ಲಿ ಎಲ್ಲವೂ ಸರಿಯಿದ್ದರೂ ಸುಮಾರು ಕಾಲು ಭಾಗ ದಾರಿಯಲ್ಲೇ ಹೋಗುತ್ತದೆ. ಪ್ಯಾಡ್ 15 ವಾಟ್ ಎಳೆದುಕೊಂಡರೆ ನಾಲ್ಕು ವಾಟಿನಷ್ಟು ಬರೀ ಕಾವು. ಇದರಲ್ಲಿ ಅರ್ಧ ಪ್ಯಾಡಿನಲ್ಲಿ ಉಳಿದರೂ ಮೊಬೈಲ್ ಅದೇ ಪ್ಯಾಡಿಗೆ ಬೆನ್ನು ಅಂಟಿಸಿಕೊಂಡು ಮಲಗಿರುತ್ತದೆ. ಒಳಗೆ ಫ್ಯಾನ್ ಇಲ್ಲದ ಅಂಗೈಯಗಲದ ಸಾಧನಕ್ಕೆ ಇದು ಸಣ್ಣ ಹೊರೆಯಲ್ಲ.

ಇದೂ ಎರಡು ಸುರುಳಿಗಳು ಒಂದರ ಮೇಲೊಂದು ಸರಿಯಾಗಿ ಕುಳಿತಾಗಿನ ಲೆಕ್ಕ. ನಲ್ಲಿಯ ಕೆಳಗೆ ಓರೆಯಾಗಿಟ್ಟ ಕೊಡದಂತೆ, ಮೊಬೈಲ್ ಒಂದಿಷ್ಟು ಪಕ್ಕಕ್ಕೆ ಸರಿದರೂ ಬಿದ್ದದ್ದರಲ್ಲಿ ಹೆಚ್ಚು ಪಾಲು ಹೊರಗೇ ಹೋಗುತ್ತದೆ. ಮನೆಯ ಮೇಜಿನ ಮೇಲೆ ಇಟ್ಟ ಮೊಬೈಲ್ ಇಟ್ಟಲ್ಲೇ ಇರುತ್ತದೆ. ಕಾರು ಹಾಗಲ್ಲ. ರೋಡ್ ಹಂಪು, ಗುಂಡಿ, ತಿರುವು, ಬ್ರೇಕು, ಎಲ್ಲವೂ ಮೊಬೈಲನ್ನು ಜಾರಿಸುತ್ತಲೇ ಇರುತ್ತವೆ. ಈಚಿನ ಮೊಬೈಲುಗಳ ಉಬ್ಬಿದ ಕ್ಯಾಮೆರಾ, ದಪ್ಪ ಕವರು ಸೇರಿ ಎರಡು ಸುರುಳಿಗಳ ನಡುವಿನ ಅಂತರವೂ ಹೆಚ್ಚುತ್ತದೆ. ದಾಟಬೇಕಾದ ಅಂತರವನ್ನು ಮಿಲಿಮೀಟರುಗಳಲ್ಲಿ ಅಳೆಯುವ ತಂತ್ರಜ್ಞಾನದಲ್ಲಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಕಾರಿನಲ್ಲೇ ಯಾಕೆ ಹೆಚ್ಚು?

ಕಾರಿನಲ್ಲಿ ಚಾರ್ಜ್ ಆಗುತ್ತಿರುವ ಮೊಬೈಲ್ ಅದೇ ಹೊತ್ತಿಗೆ ದುಡಿಯುತ್ತಲೂ ಇರುತ್ತದೆ. ಉಪಗ್ರಹಗಳಿಂದ ತಾನಿರುವ ಜಾಗ ಹುಡುಕುತ್ತಿರುತ್ತದೆ, ಮ್ಯಾಪ್ ಇಳಿಸಿಕೊಳ್ಳುತ್ತಿರುತ್ತದೆ, ಹಾಡು ಕಳಿಸುತ್ತಿರುತ್ತದೆ. ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇಗಳು ವೈರ್‌ಲೆಸ್ ಆದಮೇಲೆ ಕಾರಿನ ಪರದೆಯ ಮೇಲೆ ಕಾಣುವುದನ್ನೆಲ್ಲ ವೈಫೈ ಮೂಲಕ ನಿರಂತರವಾಗಿ ರವಾನಿಸುವ ಕೆಲಸವೂ ಅದಕ್ಕೇ ಬಿದ್ದಿದೆ. ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಲ್ಲಿ ಸಿಗ್ನಲ್ ಕ್ಷೀಣಿಸಿದರೆ ದೂರದ ಟವರನ್ನು ಮುಟ್ಟಲು ಮೊಬೈಲ್ ಇನ್ನಷ್ಟು ಶಕ್ತಿ ವ್ಯಯಿಸುತ್ತದೆ. ಹೊರಗಿನಿಂದ ಪ್ಯಾಡಿನ ಕಾವು, ಒಳಗಿನಿಂದ ದುಡಿಮೆಯ ಕಾವು.

ಇದರ ಜೊತೆಗೆ ಕಾರಿನ ಬಿಸಿ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಸಿಗೆಯ ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿದ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್‌ಗೆ, ಡ್ಯಾಶ್‌ಬೋರ್ಡ್ 69 ಡಿಗ್ರಿಗೆ ಏರಿತ್ತು. ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಕಲ್ಯಾಣ ಕರ್ನಾಟಕದ ಬೇಸಿಗೆಗೂ ಇದು ದೂರದ ಮಾತಲ್ಲ. ಎಸಿ ಹಾಕಿದ ಕೆಲ ನಿಮಿಷಗಳಲ್ಲಿ ಗಾಳಿ ತಂಪಾಗುತ್ತದೆ ನಿಜ. ಆದರೆ ಕಾದ ಪ್ಲಾಸ್ಟಿಕ್ಕು, ಕನ್ಸೋಲು, ಪ್ಯಾಡು ಬೇಗ ತಣಿಯುವುದಿಲ್ಲ. ಎಸಿಯ ಗಾಳಿ ಬೀಸುವುದು ಕುಳಿತವರ ಮುಖಕ್ಕೇ ಹೊರತು ಮೊಬೈಲ್ ಮಲಗಿರುವ ಗೂಡಿಗಲ್ಲ. ಐಫೋನನ್ನು ಬಳಸುವಾಗ ಸುತ್ತಲಿನ ಉಷ್ಣಾಂಶ 0ಯಿಂದ 35 ಡಿಗ್ರಿಯೊಳಗೆ ಇರಬೇಕೆಂದು ಅದರ ತಯಾರಕರೇ ಹೇಳುತ್ತಾರೆ. ನಮ್ಮ ಬೇಸಿಗೆಯ ಮಧ್ಯಾಹ್ನ ಪ್ರಯಾಣ ಶುರುವಾಗುವುದೇ ಆ ಗಡಿಯ ಆಚೆಗೆ.

ಕಾರು ಮತ್ತು ಮೊಬೈಲಿನ ಆಯುಷ್ಯದ ವ್ಯತ್ಯಾಸ ಇನ್ನೊಂದು ತೊಡಕು. ಬೇರೆ ಬೇರೆ ಕಂಪನಿಗಳ ಸಾಧನಗಳು ಹೊಂದಿಕೊಳ್ಳಲೆಂದೇ 2008ರಲ್ಲಿ ವೈರ್‌ಲೆಸ್ ಪವರ್ ಕನ್ಸಾರ್ಷಿಯಂ ಹುಟ್ಟಿಕೊಂಡಿತು. ಅದು 2010ರಲ್ಲಿ ತಂದ ‘ಚೀ’ ಮಾನದಂಡದ ಮೊದಲ ಮಿತಿ ಬರೀ 5 ವಾಟ್. ಕಾರಿನೊಳಗೆ ಇದನ್ನು ಮೊದಲು ತರುವುದಾಗಿ 2012ರ ಕೊನೆಯಲ್ಲಿ ಪ್ರಕಟಿಸಿದ್ದು ಟೊಯೊಟಾ, ಅದರ ಅವಲಾನ್ ಕಾರಿನಲ್ಲಿ. ಐಫೋನಿಗೆ ಈ ಸೌಕರ್ಯ ಬಂದದ್ದು 2017ರಲ್ಲಿ. ನಮ್ಮಲ್ಲಿ 2019ರ ಹ್ಯುಂಡೈ ವೆನ್ಯೂವಿನಂಥ ಕಾರುಗಳಿಂದ ಮಧ್ಯಮ ವರ್ಗದ ಮನೆಗಳಿಗೂ ಇದು ತಲುಪಿತು. ಆದರೆ ಕಾರನ್ನು ಹತ್ತು ಹದಿನೈದು ವರ್ಷ ಓಡಿಸುತ್ತೇವೆ, ಮೊಬೈಲನ್ನು ಮೂರ್ನಾಲ್ಕು ವರ್ಷಕ್ಕೆ ಬದಲಿಸುತ್ತೇವೆ. ಕಾರಿನ ಪ್ಯಾಡ್ ಅಂದಿನ ಮೊಬೈಲಿನ ಅಳತೆಗೆ ಆದದ್ದು, ಅದರ ಮೇಲೆ ಇಡುವುದು ಇಂದಿನ ಮೊಬೈಲನ್ನು.

ಈ ಎರಡು ಲೋಕಗಳ ನಡುವಿನ ಹೊಂದಾಣಿಕೆ ತಪ್ಪಿದರೆ ಏನಾದೀತು ಎಂಬುದಕ್ಕೆ 2023ರ ಉದಾಹರಣೆಯಿದೆ. ಬಿಎಂಡಬ್ಲ್ಯು ಕಾರುಗಳಲ್ಲಿ ಚಾರ್ಜ್ ಮಾಡಿದ ಮೇಲೆ ಐಫೋನ್ 15ರಲ್ಲಿ ಹಣ ಪಾವತಿಗೆ ಬೇಕಾದ ಎನ್‌ಎಫ್‌ಸಿ ಕೆಲಸ ಮಾಡುತ್ತಿಲ್ಲ ಎಂಬ ದೂರುಗಳು ಬಂದವು. ಕೆಲವು ಕಾರುಗಳಲ್ಲಿ ವೈರ್‌ಲೆಸ್ ಚಾರ್ಜ್ ಮಾಡಿದಾಗ ಅಪರೂಪಕ್ಕೆ ಹೀಗಾಗಬಹುದು ಎಂದು ಒಪ್ಪಿಕೊಂಡ ಆ್ಯಪಲ್, ಆ ವರ್ಷದ ನವೆಂಬರಿನಲ್ಲಿ ಐಒಎಸ್ 17.1.1 ಮೂಲಕ ಅದನ್ನು ಸರಿಪಡಿಸಿತು. ದುಬಾರಿ ಕಾರು, ದುಬಾರಿ ಮೊಬೈಲ್ ಕೊಂಡವರಿಗೂ ಈ ತೊಂದರೆ ತಪ್ಪಲಿಲ್ಲ.

ಬ್ಯಾಟರಿ ತೆರುವ ಬೆಲೆ

ಮೊಬೈಲ್ ಬಿಸಿಯಾದರೆ ಸ್ಫೋಟವಾದೀತೇ ಎಂಬುದು ಹಲವರ ಮೊದಲ ಭಯ. ಸುಸ್ಥಿತಿಯ ಮೊಬೈಲಿನಲ್ಲಿ ಅದು ತೀರಾ ವಿರಳ. ಒಳಗಿನ ಸೆನ್ಸರುಗಳು ಕಾವನ್ನು ಗಮನಿಸುತ್ತಲೇ ಇರುತ್ತವೆ. ಮೊದಲು ಚಾರ್ಜಿಂಗ್ ನಿಧಾನವಾಗುತ್ತದೆ, ಪರದೆ ಮಂಕಾಗುತ್ತದೆ, ಆಮೇಲೆ ಚಾರ್ಜಿಂಗ್ ನಿಲ್ಲುತ್ತದೆ. ಬಿಸಿ ಹೆಚ್ಚಿದಾಗ ಐಫೋನ್ ಶೇ 80ರಲ್ಲೇ ಚಾರ್ಜ್ ನಿಲ್ಲಿಸುವುದುಂಟು. ದೋಷ ಎಂದು ನಾವು ದೂರುವ ಈ ವರ್ತನೆ ನಿಜದಲ್ಲಿ ಬ್ಯಾಟರಿಯ ರಕ್ಷಣೆ.

ಕಣ್ಣಿಗೆ ಕಾಣದ ಹಾನಿ ಬೇರೆಯೇ ಇದೆ. ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಗ್ರಾಫೈಟಿನ ಮೇಲೆ ಒಂದು ತೆಳುವಾದ ಪದರ ಇರುತ್ತದೆ. ಬಿಸಿ ಹೆಚ್ಚಿದಷ್ಟೂ ಅದು ಬೇಗ ಬೇಗ ದಪ್ಪಗಾಗುತ್ತದೆ. ಹಾಗೆ ದಪ್ಪಗಾಗಲು ಬಳಕೆಯಾಗುವುದು ಚಾರ್ಜ್ ಹೊತ್ತು ಓಡಾಡಬೇಕಾದ ಲಿಥಿಯಮ್ಮೇ. ಅದರಲ್ಲಿ ಸಿಕ್ಕಿಕೊಂಡ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಮೊಬೈಲ್ ತಣ್ಣಗಾದ ಮೇಲೂ ಈ ನಷ್ಟ ತುಂಬಿಬರುವುದಿಲ್ಲ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಒಂದು ಅಂದಾಜು ಲೆಕ್ಕ. ಬ್ಯಾಟರಿಯೊಳಗಿನ ಬೇಡದ ಕ್ರಿಯೆಗಳೂ ಬಿಸಿಯಲ್ಲಿ ಹೀಗೇ ಚುರುಕಾಗುತ್ತವೆ.

ಪೂರ್ತಿ ತುಂಬಿದ ಬ್ಯಾಟರಿಗೆ ಬಿಸಿ ಇನ್ನೂ ಹೆಚ್ಚು ಹಾನಿಕರ. ದೂರ ಪ್ರಯಾಣದಲ್ಲಿ ಆಗುವುದು ಇದೇ. ಮೊದಲ ಒಂದೆರಡು ಗಂಟೆಯಲ್ಲಿ ಚಾರ್ಜ್ ನೂರಕ್ಕೆ ಹತ್ತಿರವಾಗಿರುತ್ತದೆ. ಮೊಬೈಲ್ ಮಾತ್ರ ಪ್ಯಾಡ್ ಮೇಲೆಯೇ ಇರುತ್ತದೆ. ಖರ್ಚಾದಷ್ಟನ್ನು ಪ್ಯಾಡ್ ಮತ್ತೆ ಮತ್ತೆ ತುಂಬುತ್ತದೆ. ತುಂಬಿದ ಬ್ಯಾಟರಿ, ಮೇಲೆ ಇಳಿಯದ ಕಾವು, ಹೀಗೇ ಇಡೀ ದಾರಿ. ಐಫೋನ್ 15ರ ಬ್ಯಾಟರಿ 1000 ಸಲ ಪೂರ್ತಿ ಚಾರ್ಜ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುವಂತೆ ವಿನ್ಯಾಸಗೊಂಡಿದೆ ಎನ್ನುತ್ತದೆ ಆ್ಯಪಲ್. ಆದರೆ ಆ ಮಾತು ಆದರ್ಶ ಪರಿಸ್ಥಿತಿಗೆ ಮಾತ್ರ. ಬಿಸಿಲಲ್ಲಿ ಓಡುವ ಕಾರಿನ ಗೂಡು ಆ ಪರಿಸ್ಥಿತಿಯಲ್ಲ.

ನಾವು ಮಾಡಬಹುದಾದ್ದು

ಮೊದಲ ಮಾತು: ಪ್ಯಾಡ್ ಊರೊಳಗಿನ ಸಣ್ಣ ಓಡಾಟಕ್ಕೆ, ಕೇಬಲ್ ದೂರದ ಪ್ರಯಾಣಕ್ಕೆ. ಎರಡು ಮೂರು ಗಂಟೆಯ ದಾರಿಯಾದರೆ ಒಂದು ಒಳ್ಳೆಯ ಕೇಬಲ್ ಜೊತೆಗಿರಲಿ. ಆಂಡ್ರಾಯ್ಡ್ ಆಟೋವನ್ನೂ ಕೇಬಲ್ಲಿನಲ್ಲೇ ಜೋಡಿಸಿದರೆ ವೈಫೈ ಹೊರೆಯೂ ಇಳಿಯುತ್ತದೆ.

- ಹೋಲ್ಡರಿಗೆಂದು ಕವರಿನ ಹಿಂದೆ ಅಂಟಿಸಿದ ಕಬ್ಬಿಣದ ತಗಡು, ಬೆರಳು ಸಿಕ್ಕಿಸುವ ಲೋಹದ ಉಂಗುರ ಇದ್ದರೆ ಮೊಬೈಲನ್ನು ಪ್ಯಾಡ್ ಮೇಲೆ ಇಡಲೇಬೇಡಿ. ಆ ಲೋಹದಲ್ಲೇ ವಿದ್ಯುತ್ ಸುತ್ತಿ ಅದು ಕಾಯುತ್ತದೆ.
- ಚಿಲ್ಲರೆ ನಾಣ್ಯ, ಮಾತ್ರೆಯ ಸ್ಟ್ರಿಪ್ಪು, ಕಾರಿನ ಕೀ, ಬ್ಯಾಂಕ್ ಕಾರ್ಡು ಪ್ಯಾಡ್ ಮೇಲೆ ಬೇಡ. ಲೋಹವನ್ನು ಗುರುತಿಸಿ ನಿಲ್ಲುವ ವ್ಯವಸ್ಥೆ ಪ್ಯಾಡಿನಲ್ಲಿ ಇರುತ್ತದೆ, ಎಲ್ಲವನ್ನೂ ಅದಕ್ಕೇ ಬಿಡುವುದು ಸರಿಯಲ್ಲ.
- ಬಿಸಿಲಲ್ಲಿ ನಿಂತಿದ್ದ ಕಾರು ಹತ್ತಿದ ಕೂಡಲೇ ಮೊಬೈಲನ್ನು ಪ್ಯಾಡಿಗೆ ಇಡಬೇಡಿ. ಒಳಗೆ ತಂಪಾಗಲಿ.
- ಹೋಗುವ ದಾರಿಯ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಮೊಬೈಲಿನಲ್ಲಿದ್ದರೆ ಬಳಸಿ.
- ಪ್ಯಾಡನ್ನು ಆಫ್ ಮಾಡುವ ಆಯ್ಕೆ ಹಲವು ಕಾರುಗಳ ಸೆಟ್ಟಿಂಗ್ಸ್‌ನಲ್ಲಿದೆ. ಹುಡುಕಿಟ್ಟುಕೊಳ್ಳಿ. ಆಗ ಆ ಜಾಗ ಮೊಬೈಲ್ ಇಡುವ ತಟ್ಟೆಯಷ್ಟೇ ಆಗುತ್ತದೆ.
- ಕಾದ ಮೊಬೈಲನ್ನು ಫ್ರಿಜ್ಜಿನಲ್ಲೋ ಐಸ್ ಮೇಲೋ ಇಡಬೇಡಿ, ಒಳಗೆ ತೇವ ಕಟ್ಟೀತು. ಕವರ್ ತೆಗೆದು ನೆರಳಿನ ಗಾಳಿಗೆ ಇಟ್ಟರೆ ಸಾಕು. ಹಿಂಬದಿ ಉಬ್ಬಿದ್ದು ಕಂಡರೆ ಚಾರ್ಜ್ ಮಾಡುವುದನ್ನು ಅಂದೇ ನಿಲ್ಲಿಸಿ, ಬ್ಯಾಟರಿ ಬದಲಿಸಿ.

ಕಂಪನಿಗಳು ಮಾಡಬೇಕಾದ್ದು

ಪರಿಹಾರ ಇಲ್ಲದ ಸಮಸ್ಯೆ ಇದಲ್ಲ. 2020ರಲ್ಲಿ ಭಾರತಕ್ಕೆ ಬಂದ ಕಿಯಾ ಸೋನೆಟ್‌ನ ಪ್ಯಾಡಿನಲ್ಲೇ ತಂಪು ಮಾಡುವ ವ್ಯವಸ್ಥೆ ಇತ್ತು. 2023ರಲ್ಲಿ ಪ್ರಕಟವಾದ ‘ಚೀ 2’ ಮಾನದಂಡ, ಆ್ಯಪಲ್‌ನ ಮ್ಯಾಗ್‌ಸೇಫ್ ಮಾದರಿಯಲ್ಲಿ ಅಯಸ್ಕಾಂತಗಳ ಉಂಗುರದಿಂದ ಮೊಬೈಲನ್ನು ಸರಿಯಾದ ಜಾಗದಲ್ಲೇ ಹಿಡಿದಿಡುತ್ತದೆ. ಸುರುಳಿಗಳು ನೇರ ಕೂತರೆ ಸೋರಿಕೆ ಕಡಿಮೆ, ಬಿಸಿಯೂ ಕಡಿಮೆ. ಗಾಳಿ ಮತ್ತು ಅಯಸ್ಕಾಂತ ಎರಡೂ ಇದ್ದರೆ ಇವತ್ತಿನ ದೂರುಗಳಲ್ಲಿ ದೊಡ್ಡ ಪಾಲು ತಗ್ಗುತ್ತದೆ.

ಇವು ದುಬಾರಿ ಮಾಡೆಲ್ಲಿನ ಶೋಕಿಯಾಗಿ ಉಳಿಯಬಾರದು. 40 ಡಿಗ್ರಿಯ ಬಿಸಿಲು ಸಾಮಾನ್ಯವಾದ ದೇಶದಲ್ಲಿ ಪ್ಯಾಡ್ ಕೊಡುವ ಪ್ರತಿ ಕಾರಿನಲ್ಲೂ ಅದಕ್ಕೆ ತಣ್ಣನೆಯ ಗಾಳಿ ಬರುವ ದಾರಿ ಇರಬೇಕು, ಕೈಗೆಟಕುವ ಆನ್–ಆಫ್ ಸ್ವಿಚ್ ಇರಬೇಕು. ಎಷ್ಟು ಉಷ್ಣಾಂಶದವರೆಗೆ ಪ್ಯಾಡ್ ಬಳಸಬಹುದು, ಯಾವ ಕವರ್ ಸಲ್ಲದು ಎಂಬುದು ಕಾರಿನ ಕೈಪಿಡಿಯ ಮೂಲೆಯಲ್ಲಿ ಅಡಗಿರದೆ, ಕಾರು ಒಪ್ಪಿಸುವ ದಿನ ಕನ್ನಡದಲ್ಲೇ ಗ್ರಾಹಕರ ಕಿವಿಗೆ ಬೀಳಬೇಕು.

ಹೆದ್ದಾರಿಯ ಮೇಲೆ ಮೊಬೈಲ್ ಬರೀ ಮಾತಿನ ಸಾಧನವಲ್ಲ. ದಾರಿ ತೋರಿಸುವುದು ಅದೇ, ಪೆಟ್ರೋಲ್ ಬಂಕಿನಲ್ಲಿ ದುಡ್ಡು ಕೊಡುವುದು ಅದೇ, ಅಪಘಾತವಾದರೆ 112ಕ್ಕೆ ಕರೆ ಮಾಡುವುದೂ ಅದರಿಂದಲೇ. ಪ್ರಯಾಣದಲ್ಲಿ ಅದನ್ನು ಸಿದ್ಧವಾಗಿಡಲೆಂದೇ ಕಾರಿನಲ್ಲಿ ಚಾರ್ಜರ್ ಕೊಟ್ಟಿರುವುದು. ಆ ಕೆಲಸವನ್ನು ಕೇಬಲ್ ಹೆಚ್ಚು ಚೆನ್ನಾಗಿ ಮಾಡುತ್ತದೆ ಎಂದಾದರೆ, ಪ್ಯಾಡುಗಳು ನಮ್ಮ ಬಿಸಿಲಿಗೆ ತಕ್ಕಂತೆ ಸುಧಾರಿಸುವವರೆಗೆ ಕೇಬಲ್ಲನ್ನೇ ನೆಚ್ಚಿಕೊಳ್ಳುವುದು ವಿವೇಕ.